ಮೊದಲು ಮಗುವಿನ ಮುಖ ನೋಡಿ, ಆಮೇಲೆ ಮೀಟರ್

ನನ್ನ ಮಗಳಿಗೆ ಟೈಪ್ 1 ಡಯಾಬಿಟಿಸ್ ಇದೆ. ಅಂದರೆ ರಕ್ತದ ಸಕ್ಕರೆಯನ್ನು ಹದದಲ್ಲಿಡುವ ಇನ್ಸುಲಿನ್ ಅವಳ ದೇಹದಲ್ಲಿ ಸಾಕಷ್ಟು ತಯಾರಾಗುವುದಿಲ್ಲ, ಹೊರಗಿನಿಂದ ಕೊಡಬೇಕು. ಅವಳಿಗೆ 8 ವರ್ಷ ಇದ್ದಾಗ ಒಂದು ಸಂಜೆ ಬೆರಳು ಚುಚ್ಚಿಕೊಂಡು ಮೀಟರಿನಲ್ಲಿ ಶುಗರ್ ನೋಡಿದಳು. 312 ಬಂದಿತ್ತು, ತುಂಬಾ ಜಾಸ್ತಿ. ತಕ್ಷಣ ಮೀಟರನ್ನು ಬೆನ್ನ ಹಿಂದೆ ಮುಚ್ಚಿಟ್ಟು, "ಅಮ್ಮಾ, ಬೈಬೇಡ" ಅಂದಳು.

ನಾನು ಅವಳಿಗೆ ಶುಗರ್ ವಿಷಯಕ್ಕೆ ಎಂದೂ ಬೈದಿರಲಿಲ್ಲ. ಆದರೆ ನಂಬರ್ ನೋಡಿದ ಕೂಡಲೇ ನನ್ನ ಮುಖ ಗಂಟಿಕ್ಕುತ್ತಿತ್ತು. "ಏನು ತಿಂದೆ?" ಅನ್ನುತ್ತಿದ್ದೆ. ಅವಳಿಗೆ ಅಷ್ಟೇ ಸಾಕಾಗಿತ್ತು.

ಅವತ್ತಿನಿಂದ "ಒಳ್ಳೇ ಶುಗರ್", "ಕೆಟ್ಟ ಶುಗರ್" ಅನ್ನುವುದನ್ನು ಬಿಟ್ಟೆವು. ಜಾಸ್ತಿ ಇದೆ, ಕಮ್ಮಿ ಇದೆ, ಅಷ್ಟೇ. ಜಾಸ್ತಿ ಇದ್ದರೆ "ಗೊತ್ತಾಯ್ತಲ್ಲ, ಈಗ ಏನು ಮಾಡೋಣ?" ಅಂತ ಕೇಳಿ. ಜ್ವರ ಬಂದರೂ ಏರುತ್ತದೆ, ಪರೀಕ್ಷೆಯ ಭಯಕ್ಕೂ ಏರುತ್ತದೆ. ಎಲ್ಲವೂ ತಿಂದದ್ದರಿಂದಲೇ ಅಲ್ಲ. ಶಾಲೆಯಿಂದ ಬಂದ ಮಗುವಿಗೆ ಮೊದಲ ಪ್ರಶ್ನೆ ಶುಗರ್ ಬಗ್ಗೆ ಬೇಡ, ಇವತ್ತು ಯಾರ ಜೊತೆ ಆಡಿದೆ ಅಂತ ಇರಲಿ. ಬೆವರು, ನಡುಕ ಕಂಡರೆ ಮಾತ್ರ ಮೀಟರೇ ಮೊದಲು, ಶುಗರ್ ಇಳಿದಿರಬಹುದು.

ಸಿಟ್ಟಿನ ವಿಷಯ ಸ್ವಲ್ಪ ಸೂಕ್ಷ್ಮ. ಶುಗರ್ 70ಕ್ಕಿಂತ ಕೆಳಗೆ ಇಳಿದಾಗ ಮಗು ಸುಮ್ನೆ ಸಿಡುಕಬಹುದು, ಅಳಬಹುದು. ಆಗ ಬುದ್ಧಿ ಹೇಳಲು ಹೋಗಬೇಡಿ. ಬೇಗ ಏರಿಸುವ ಸಕ್ಕರೆ ಕೊಡಿ. ಸಾಮಾನ್ಯವಾಗಿ 15 ಗ್ರಾಂ ಅನ್ನುತ್ತಾರೆ. ಪುಟ್ಟ ಮಕ್ಕಳಿಗೆ ಇನ್ನೂ ಕಮ್ಮಿ ಸಾಕಾಗುತ್ತದೆ, ನಿಮ್ಮ ಡಾಕ್ಟರನ್ನು ಕೇಳಿಟ್ಟುಕೊಳ್ಳಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಆದರೆ ಎಲ್ಲ ಸಿಟ್ಟೂ ಶುಗರಿನದಲ್ಲ. ಒಮ್ಮೆ ತಮ್ಮ ಅವಳ ಚಿತ್ರ ಹರಿದಿದ್ದ. ಅವಳು ಕೂಗಾಡಿದಳು. ನಾನು "ಶುಗರ್ ನೋಡ್ಕೋ" ಅಂದೆ. ನೋಡಿದರೆ 118, ಶುಗರ್ ಸರಿಯಾಗೇ ಇತ್ತು. "ನನಗೆ ನಿಜವಾಗಲೂ ಕೋಪ ಬಂದಿದೆ ಅಮ್ಮಾ" ಅಂದಳು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಈಗ ನೋಡಲೇಬೇಕಾದರೆ ನೋಡುತ್ತೇವೆ, ಆದರೆ ಏನಾಯ್ತು ಅಂತ ಕೇಳುವುದನ್ನು ಬಿಡುವುದಿಲ್ಲ.

ಸೂಜಿ ಬೇಡ ಅಂತ ಹಟ ಮಾಡಿದರೆ, ಇನ್ಸುಲಿನ್ ಬಿಡುವ ಹಾಗಿಲ್ಲ. ಆದರೆ ಹೊಟ್ಟೆಗಾ ತೊಡೆಗಾ ಅನ್ನುವುದನ್ನು ಮಗುವೇ ಹೇಳಲಿ. ನನ್ನವಳಿಗೆ ಒಂದು ಕಥೆ ಇಷ್ಟ. 1922ರ ಜನವರಿಯಲ್ಲಿ ಟೊರೊಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಇನ್ಸುಲಿನ್ ಕೊಟ್ಟರು. ಮೊದಲ ಸಲ ಸರಿಹೋಗಲಿಲ್ಲ. ಔಷಧಿಯನ್ನು ಇನ್ನಷ್ಟು ಶುದ್ಧ ಮಾಡಿ, 12 ದಿನ ಬಿಟ್ಟು ಮತ್ತೆ ಕೊಟ್ಟಾಗ ಹುಡುಗ ಚೇತರಿಸಿಕೊಂಡ. "ಆಮೇಲೆ ಆಟಕ್ಕೆ ಹೋದ್ನಾ?" ಅಂತ ಪ್ರತಿ ಸಲ ಕೇಳುತ್ತಾಳೆ.

ಇನ್ನು ನಮ್ಮ ವಿಷಯ. ಸಿಹಿ ಜಾಸ್ತಿ ಕೊಟ್ಟೆನೇನೋ ಅಂತ ನಾನು ತಿಂಗಳುಗಟ್ಟಲೆ ಕೊರಗಿದೆ. ಸಿಹಿಗೂ ಇದಕ್ಕೂ ಸಂಬಂಧವಿಲ್ಲ. ದೇಹವನ್ನು ಕಾಯಬೇಕಾದ ವ್ಯವಸ್ಥೆಯೇ ದಾರಿ ತಪ್ಪಿ ಇನ್ಸುಲಿನ್ ಮಾಡುವ ಜೀವಕೋಶಗಳನ್ನು ನಾಶ ಮಾಡುತ್ತದೆ. ಇದನ್ನು ಮಗುವಿಗೂ ಬಾಯಿಬಿಟ್ಟು ಹೇಳಿ: ನಿನ್ನ ತಪ್ಪಲ್ಲ. ಒಡಹುಟ್ಟಿದವರಿಗೂ ಹೇಳಿ. ನನ್ನ ಮಗ ಅಕ್ಕನ ಜೊತೆ ಜಗಳ ಆಡಿದ್ದಕ್ಕೇ ಹೀಗಾಯಿತು ಅಂದುಕೊಂಡಿದ್ದ.

ಶುಗರ್ ನೋಡಲು ಇಡುವ ರಾತ್ರಿ 3 ಗಂಟೆಯ ಅಲಾರಂ ಒಬ್ಬರದೇ ಆಗದಿರಲಿ. ನಾವು ಪಾಳಿ ಮಾಡಿಕೊಂಡಿದ್ದೇವೆ. ಪಾಳಿ ಇಲ್ಲದವರು ಬೇರೆ ಕೋಣೆಯಲ್ಲಿ ಮಲಗುತ್ತಾರೆ. ಒಂದೇ ಕೋಣೆಯಲ್ಲಿ ಇದ್ದರೆ ಇಬ್ಬರಿಗೂ ಎಚ್ಚರ ಆಗುತ್ತದೆ ಅಲ್ವಾ?

ಮಗು ಕದ್ದುಮುಚ್ಚಿ ಇನ್ಸುಲಿನ್ ತಪ್ಪಿಸಿದರೆ, ಗೆಳೆಯರಿಂದ ದೂರವಾದರೆ, ಬದುಕೇ ಬೇಡ ಅಂದರೆ ಕಾಯಬೇಡಿ. ಅವತ್ತೇ ಡಾಕ್ಟರಿಗೆ ತಿಳಿಸಿ. ನಿಮಗೇ ದಿನವೂ ಅಳು ಬರುತ್ತಿದ್ದರೂ ಅಷ್ಟೇ. ಶುಗರ್ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ನಾನು ಇದನ್ನೂ ಬರೆದಿಡುತ್ತೇನೆ: ಈ ತಿಂಗಳು ಮನೆಯಲ್ಲಿ ಯಾರು ಅತ್ತರು, ಯಾತಕ್ಕೆ. ಡಾಕ್ಟರ್ ಪುಸ್ತಕ ಕೈಗೆ ತೆಗೆದುಕೊಂಡಾಗ ಮೊದಲು ಆ ಹಾಳೆ ತೋರಿಸುತ್ತೇನೆ.