ಹಲ್ಲು ಸರಿಸುವುದು, ಸರಿಸಲು ಕಲಿಸುವುದು

ಪಿಯುಸಿ ಮುಗಿಸಿದ ಮಕ್ಕಳು ಅಪ್ಪ-ಅಮ್ಮನ ಜೊತೆ ಬಂದು, ನನ್ನ ಹಾಗೆ ವಕ್ರದಂತ ಸರಿಪಡಿಸುವ ವೈದ್ಯರಾಗಲು ಎಷ್ಟು ವರ್ಷ ಓದಬೇಕು ಎಂದು ಕೇಳುತ್ತಾರೆ. ದಂತವೈದ್ಯದ ಪದವಿ ಬಿಡಿಎಸ್ 4 ವರ್ಷ, ಇಂಟರ್ನ್‌ಶಿಪ್ 1 ವರ್ಷ, ಆಮೇಲೆ ಆರ್ಥೊಡಾಂಟಿಕ್ಸ್‌ನಲ್ಲಿ, ಅಂದರೆ ಹಲ್ಲು ಸರಿಸುವ ವಿಭಾಗದಲ್ಲಿ, ಸ್ನಾತಕೋತ್ತರ ಪದವಿ ಎಂಡಿಎಸ್ 3 ವರ್ಷ. ನಾನು ಸೇರುವಾಗ ಸಿಇಟಿ ಇತ್ತು, ಈಗ ನೀಟ್. ನಾನು ಅವರಿಗೆ ತಿರುಗಿ ಕೇಳುವುದು ಒಂದೇ: ಕಾಯುವ ತಾಳ್ಮೆ ಇದೆಯಾ?

ಹಲ್ಲು ತಿಂಗಳಿಗೆ ಸರಿಯುವುದು ಸುಮಾರು 1 ಮಿಲಿಮೀಟರ್ ಅಷ್ಟೇ. ಬೇರಿಗೂ ಮೂಳೆಗೂ ನಡುವೆ ತೆಳುವಾದ ನಾರಿನ ಪದರ ಇರುತ್ತದೆ. ವೈರ್‌ನ ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ, ಎಳೆತ ಇರುವ ಕಡೆ ಹೊಸ ಮೂಳೆ ಬೆಳೆಯುತ್ತದೆ. ಜಾಸ್ತಿ ಬಲ ಹಾಕಿದರೆ ಬೇಗ ಆಗುವುದಿಲ್ಲ. ಆ ಪದರದಲ್ಲಿ ರಕ್ತ ಓಡಾಡುವುದು ನಿಂತು ಕೆಲಸ ಇನ್ನೂ ತಡವಾಗುತ್ತದೆ, ಬೇರು ಸವೆಯುವ ಅಪಾಯವೂ ಇದೆ.

ಇದನ್ನು ಹೇಳಿ ಕಲಿಸಲು ಆಗುವುದಿಲ್ಲ. ಅದಕ್ಕೇ ಟೈಪೊಡಾಂಟ್ ಎಂಬ ಅಭ್ಯಾಸದ ಮಾದರಿ ನನಗೆ ಬಹಳ ಇಷ್ಟ. ಮೇಣದಲ್ಲಿ ಹಲ್ಲುಗಳನ್ನು ವಕ್ರವಾಗಿ ಕೂರಿಸಿ, ವೈರ್ ಹಿಡಿಯುವ ಪುಟ್ಟ ಬ್ರಾಕೆಟ್ ಅಂಟಿಸಿ, ವೈರ್ ಕಟ್ಟಿ ಬಿಸಿನೀರಿನಲ್ಲಿ ಇಟ್ಟರೆ ಮೇಣ ಮೆತ್ತಗಾಗಿ ಹಲ್ಲು ಕಣ್ಣೆದುರೇ ಸರಿಯುತ್ತದೆ. ವಿದ್ಯಾರ್ಥಿ ವೈರ್ ಬಗ್ಗಿಸಿದ್ದು ಎಲ್ಲಿ ಹೆಚ್ಚಾಯಿತೋ ಅಲ್ಲಿ ಹಲ್ಲು ವಾಲಿಬಿಡುತ್ತದೆ. ಆಗ ನಾನು ಮಾತಾಡುವುದೇ ಬೇಡ.

ಶಿವಮೊಗ್ಗದಲ್ಲಿ ಕೆಲಸ ಮಾಡುವವರಿಗೆ ಪಠ್ಯಪುಸ್ತಕ ಹೇಳದ ಇನ್ನೊಂದು ಲೆಕ್ಕ ಬೇಕು. ಹೊಸನಗರ, ತೀರ್ಥಹಳ್ಳಿ, ಸಾಗರದ ಹಳ್ಳಿಗಳಿಂದ ಬರುವವರಿಗೆ ಮಳೆಗಾಲದಲ್ಲಿ ಬಸ್ಸಿನ ತೊಂದರೆ, ಅದು ಮುಗಿದರೆ ಅಡಿಕೆ ಕೊಯ್ಲು. “ಅಡಿಕೆ ಕೊನೆ ಕೊಯ್ಲು ಮುಗಿಯೋ ತನಕ ಬರೋಕಾಗಲ್ಲ ಡಾಕ್ಟ್ರೇ” ಎಂದು ತಾಯಂದಿರು ಮೊದಲೇ ಹೇಳುತ್ತಾರೆ. ಅದು ಅಸಡ್ಡೆಯಲ್ಲ, ವರ್ಷದ ಬದುಕು. ಹಾಗಾಗಿ ಅಂಥವರಿಗೆ ನಾನು ಆದಷ್ಟೂ ನಿಕಲ್-ಟೈಟೇನಿಯಂ ಮಿಶ್ರಲೋಹದ ಸ್ಪ್ರಿಂಗ್ ಬಳಸುತ್ತೇನೆ. ಹಲ್ಲು ಎಳೆಯಲು ಹಾಕುವ ರಬ್ಬರ್ ಚೈನ್ ಕೆಲವೇ ವಾರಗಳಲ್ಲಿ ಸಡಿಲವಾಗುತ್ತದೆ. ನಿಕಲ್-ಟೈಟೇನಿಯಂ ಸ್ಪ್ರಿಂಗ್ ಹಗುರವಾಗಿ, ಬಹಳ ದಿನ ಎಳೆಯುತ್ತದೆ. ಹೊರಡುವ ಮುಂಚೆ ಬ್ರಾಕೆಟ್ ಸುತ್ತ ಬ್ರಷ್ ಮಾಡುವುದನ್ನು ನನ್ನೆದುರೇ ಮಾಡಿಸುತ್ತೇನೆ. ಕೊಳೆ ಕೂತರೆ ಅಲ್ಲೆಲ್ಲ ಬಿಳಿ ಕಲೆ ಬೀಳುತ್ತದೆ, ಕ್ಲಿಪ್ ತೆಗೆದ ಮೇಲೂ ಪೂರ್ತಿ ಹೋಗುವುದಿಲ್ಲ. ಚಕ್ಕುಲಿ, ಕೋಡುಬಳೆ ಕಚ್ಚಬೇಡಿ ಎಂದೂ ಹೇಳಲೇಬೇಕು.

ಸಂಶೋಧನೆಯ ಹಾದಿಗೆ ನಾನು ಬಂದದ್ದು ಒಂದು ಪ್ರಶ್ನೆಯಿಂದ. 1958ರಲ್ಲಿ ಬೋಲ್ಟನ್ ಎಂಬ ಅಮೆರಿಕದ ವೈದ್ಯರು ಕೆಳಗಿನ ಮತ್ತು ಮೇಲಿನ ಹಲ್ಲುಗಳ ಒಟ್ಟು ಅಗಲ ಹೋಲಿಸಿ ಪ್ರಮಾಣ ಕೊಟ್ಟರು: ಕೆಳಗಿನ 12 ಹಲ್ಲುಗಳ ಅಗಲ ಮೇಲಿನ 12 ಹಲ್ಲುಗಳ ಅಗಲದ ಶೇ 91.3, ಮುಂದಿನ 6 ಹಲ್ಲುಗಳಿಗೆ ಶೇ 77.2. ಅವರು ಅಳೆದದ್ದು ಅಲ್ಲಿನ ಜನರ ಹಲ್ಲು. ನಮ್ಮ ಹುಡುಗ-ಹುಡುಗಿಯರಿಗೂ ಅದೇ ಅಳತೆ ಸಾಕಾ? ಎಂಡಿಎಸ್ ಪ್ರಬಂಧಕ್ಕೆ ನಾನು ಎತ್ತಿಕೊಂಡದ್ದು ಇದನ್ನೇ. ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆದೆ. ಅಳತೆ ಕೊಡುವವರ ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಬರೆದು ಅವರಿಗೆ ಓದಿ ಹೇಳಿದೆ. ಆಮೇಲೆ ಅವರ ಹಲ್ಲಿನ ಪ್ಲಾಸ್ಟರ್ ಮಾಡೆಲ್, ಕ್ಯಾಲಿಪರ್, ಅಳತೆ, ಮತ್ತೆ ಅಳತೆ.

ನನ್ನನ್ನು ಹಿಡಿದಿಟ್ಟದ್ದು ಈ ‘ಮತ್ತೆ’. ಅದೇ ಮಾಡೆಲನ್ನು ಕೆಲವು ವಾರ ಬಿಟ್ಟು, ಹಳೆಯ ಅಂಕಿ ನೋಡದೆ, ಇನ್ನೊಮ್ಮೆ ಅಳೆಯಬೇಕು. ಎರಡು ಸಲಕ್ಕೂ ಇರುವ ವ್ಯತ್ಯಾಸ ನಿಮ್ಮ ಕೈಯದು, ರೋಗಿಯದಲ್ಲ. ಆ ವ್ಯತ್ಯಾಸ ಎಷ್ಟು ಎಂದು ಗೊತ್ತಿಲ್ಲದೆ ‘ನಮ್ಮವರ ಹಲ್ಲು ಬೇರೆ’ ಎಂದು ಬರೆಯಲು ಯಾರಿಗೂ ಹಕ್ಕಿಲ್ಲ ಎಂದು ನಾನು ನಂಬಿದ್ದೇನೆ. ಈಗ ಬಾಯೊಳಗಿನ ಸ್ಕ್ಯಾನರ್ ಬಂದಿದೆ, ಕಂಪ್ಯೂಟರಿನಲ್ಲೇ ಅಳೆಯುತ್ತಾರೆ. ಆದರೆ ಹಲ್ಲಿನ ಅಂಚು ಎಲ್ಲಿ ಎಂದು ಗುರುತಿಸುವುದು ಎಷ್ಟೋ ಸಲ ಇನ್ನೂ ಮನುಷ್ಯರೇ ಅಲ್ವಾ? ನನ್ನ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಎರಡನೇ ಅಳತೆ ಇಲ್ಲದ ಡೇಟಾ ತಂದರೆ ಸಹಿ ಹಾಕುವುದಿಲ್ಲ ಎಂದು ಮೊದಲ ದಿನವೇ ಹೇಳಿರುತ್ತೇನೆ.