ತೆಂಗಿನ ತೋಟದ ಪಕ್ಕದಲ್ಲಿ ಹಾರಿದ ನನ್ನ 620 ಗ್ರಾಂ ವಿಮಾನ

ನಾನೇ ಕಟ್ಟಿದ ರಿಮೋಟ್ ಕಂಟ್ರೋಲ್ ವಿಮಾನ ಕೊನೆಗೂ ಹಾರಿತು. ಈ ಜನವರಿಯ ಒಂದು ಬೆಳಿಗ್ಗೆ, ತಿಪಟೂರು ಹತ್ತಿರ ರಾಗಿ ಕೊಯ್ದ ನಮ್ಮ ಹೊಲದ ಮೇಲೆ, ಪೂರ್ತಿ ಎಂಟು ನಿಮಿಷ. "ಕೈಯಲ್ಲಿ ಮಾಡಿದ್ದರಲ್ಲಿ ಕಲಿಯೋಕಾಗಲ್ಲ, ಸುಮ್ನೆ ಕಲಿಯೋರಿಗೆ ಅಂತ ಬರೋ ರೆಡಿಮೇಡ್ ಟ್ರೈನರ್ ವಿಮಾನ ತಗೋ" ಅಂತ ಎರಡು ವರ್ಷ ಹೇಳಿದ ಗೆಳೆಯರೇ ಅವತ್ತು ವಿಡಿಯೊ ಮಾಡಿದರು.

ಮೊದಲನೆಯದನ್ನು ನಾಮಫಲಕಕ್ಕೆ ಬಳಸುವ 3 ಎಂಎಂ ಸನ್‌ಬೋರ್ಡ್‌ನಲ್ಲಿ ಕಟ್ಟಿದ್ದೆ. ತೂಕ 1,100 ಗ್ರಾಂ ಹತ್ತಿರ. ಎಸೆದ ತಕ್ಷಣ ಮೂತಿ ಎತ್ತಿತು, ಗಾಳಿಯಲ್ಲಿ ನಿಂತೇಬಿಟ್ಟಿತು ಅನ್ನುವಷ್ಟರಲ್ಲಿ ಎಡರೆಕ್ಕೆ ಕುಸಿದು ನೇರ ನೆಲಕ್ಕೆ. ಶಾಫ್ಟ್ ಬಾಗಿತು, ಪ್ರೊಪೆಲ್ಲರ್ ಎರಡು ತುಂಡು. ಮೋಟರ್ ಸಾಲದು ಅಂದುಕೊಂಡು ದೊಡ್ಡ ಮೋಟರ್, ದೊಡ್ಡ ಇಎಸ್‌ಸಿ (ಮೋಟರ್ ವೇಗ ನಿಯಂತ್ರಿಸುವ ಸರ್ಕ್ಯೂಟ್) ತಂದೆ. ಸುಮಾರು 1,800 ರೂಪಾಯಿ ನೀರಿಗೆ ಹಾಕಿದ ಹಾಗಾಯಿತು. ತೂಕ ಇನ್ನೂ ಏರಿತು, ವಿಮಾನ ಇನ್ನೂ ಜೋರಾಗಿ ಬಿತ್ತು. ಆಮೇಲೆ ಅಳತೆ ಹಿಡಿದು ನೋಡಿದರೆ ಸಿಜಿ, ಅಂದರೆ ವಿಮಾನದ ಭಾರ ಸಮತೂಗುವ ಬಿಂದು, ರೆಕ್ಕೆಯ ಮುಂದಿನ ಅಂಚಿನಿಂದ 9 ಸೆಂಟಿಮೀಟರ್ ಹಿಂದಿತ್ತು. ರೆಕ್ಕೆಯ ಅಗಲವೇ 20. ಬಾಲವೇ ಭಾರ, ಹಾರುವುದಾದರೂ ಹೇಗೆ?

ಎರಡನೆಯದು ಹಾರಿತು, ಆದರೆ ನನ್ನ ಕಡೆ ತಿರುಗಿದ ಕೂಡಲೇ ಎಡ ಬಲ ಗಲಿಬಿಲಿಯಾಗಿ ತೆಂಗಿನ ಮರದ ಸುಳಿಗೆ ಸಿಕ್ಕಿಕೊಂಡಿತು. ಮರ ಹತ್ತುವವರು ಮಾರನೇ ದಿನ ಬಂದರು, 200 ರೂಪಾಯಿ ತಗೊಂಡರು. ರಾತ್ರಿಯೆಲ್ಲ ಮೇಲೇ ಇದ್ದ ಬ್ಯಾಟರಿ ಪೂರ್ತಿ ಬರಿದಾಗಿ ಊದಿಕೊಂಡಿತ್ತು. ಅದು ಹೋಯಿತು, 1,600. ಅದಾದ ಮೇಲೆ ಕಂಪ್ಯೂಟರ್‌ನಲ್ಲಿ ಹಾರಾಟ ಕಲಿಸುವ ಸಿಮ್ಯುಲೇಟರ್‌ ಮುಂದೆ ಇಪ್ಪತ್ತು ಗಂಟೆಯಾದರೂ ಕೂತಿರಬೇಕು. ಎದುರಿಗೆ ಬರುವಾಗ ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೇ ಸ್ಟಿಕ್ ತಳ್ಳಬೇಕು. ಇದು ಬೆರಳಿಗೆ ಬರುವ ತನಕ ಹೊಲಕ್ಕೆ ಹೋಗಲೇ ಇಲ್ಲ.

ಮೂರನೆಯದಕ್ಕೆ 6 ಎಂಎಂ ಡೆಪ್ರಾನ್, ಹಗುರವಾದ ಫೋಮ್ ಹಾಳೆ. ರೆಕ್ಕೆಯ ಉದ್ದ 120 ಸೆಂಟಿಮೀಟರ್, ಏಲರಾನ್ (ರೆಕ್ಕೆಯ ಹಿಂದಿನ ಅಂಚಿನಲ್ಲಿ ಅಲ್ಲಾಡುವ ಪಟ್ಟಿ) ಇಲ್ಲ, ಬಾಲದಲ್ಲಿ ಬರೀ ಎಡ ಬಲ ತಿರುಗಿಸುವ ರಡ್ಡರ್ ಮತ್ತು ಮೂತಿ ಏರಿಸಿ ಇಳಿಸುವ ಎಲಿವೇಟರ್, ಡೈಹೆಡ್ರಲ್ (ರೆಕ್ಕೆಗಳು ಮೇಲಕ್ಕೆ ಓರೆಯಾಗಿರುವುದು) ಸ್ವಲ್ಪ ಜಾಸ್ತಿಯೇ. 2200 ಎಂಎಎಚ್‌ನ ಬ್ಯಾಟರಿ ತೆಗೆದು 1300ರದ್ದು ಹಾಕಿದೆ, ಅಲ್ಲೇ 70 ಗ್ರಾಂ ಉಳಿಯಿತು. ಮೋಟರ್ ಅದೇ ಹಳೆಯ ಎ2212, 1000 ಕೆವಿ (ಒಂದು ವೋಲ್ಟ್‌ಗೆ ನಿಮಿಷಕ್ಕೆ 1000 ಸುತ್ತು), 10 ಇಂಚಿನ ಪ್ರೊಪೆಲ್ಲರ್. ಒಟ್ಟು 620 ಗ್ರಾಂ. ರೆಕ್ಕೆಯ ಒಂದು ಚದರ ಡೆಸಿಮೀಟರ್‌ಗೆ 26 ಗ್ರಾಂ ಆಸುಪಾಸು. ಸಿಜಿ 5.5 ಸೆಂಟಿಮೀಟರ್‌ನಲ್ಲಿ. ಮೋಟರನ್ನು ಕೆಳಕ್ಕೂ ಬಲಕ್ಕೂ ಓರೆ ಮಾಡಿದ್ದೇನೆ, ಎಷ್ಟು ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಅದಕ್ಕೆ ಮೂರು ವಾರ ತಗೊಂಡಿದ್ದೇನೆ, ಅದು ನನ್ನ ಗಳಿಕೆ. ಈಗ ಥ್ರಾಟಲ್ ಏರಿಸಿದರೂ ಇಳಿಸಿದರೂ ವಿಮಾನ ದಾರದಲ್ಲಿ ಕಟ್ಟಿದ ಹಾಗೆ ಹೋಗುತ್ತದೆ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ರೆಕ್ಕೆಯ ಮೇಲೆ ಮುಂದಿನ ಅಂಚಿನಿಂದ ಅರ್ಧದವರೆಗೆ ಇನ್ನೊಂದು ಪದರ ಅಂಟಿಸಿ ಮೆಟ್ಟಿಲು ಮಾಡಿದೆ, ಕೆಎಫ್‌ಎಂ ರೆಕ್ಕೆ ಅಂತಾರಲ್ಲ, ಅದೇ. ವೇಗ ಕಡಿಮೆಯಾದರೂ ತಟ್ಟನೆ ಬೀಳುವುದಿಲ್ಲ, ಮೆಲ್ಲಗೆ ತಲೆಬಾಗುತ್ತದೆ. ಫ್ರಿಜ್ ಪ್ಯಾಕಿಂಗ್‌ನ ಥರ್ಮೋಕೋಲನ್ನು ಬಿಸಿ ತಂತಿಯಲ್ಲಿ ಕೊಯ್ದು ಇನ್ನೊಂದು ರೆಕ್ಕೆಯನ್ನೂ ಮಾಡಿದ್ದೆ. ಅವಸರದಲ್ಲಿ ಸೂಪರ್ ಗ್ಲೂ ಹಾಕಿದೆ, ನಡುಭಾಗ ಕರಗಿ ಗುಂಡಿ ಬಿತ್ತು.

ಹಣದ ಲೆಕ್ಕ: ಫ್ಲೈಸ್ಕೈ ಐ6 ರಿಮೋಟ್ ರಿಸೀವರ್ ಸಮೇತ 4,500, ಮೋಟರ್, ಇಎಸ್‌ಸಿ, ರಡ್ಡರ್ ಎಲಿವೇಟರ್ ಅಲ್ಲಾಡಿಸುವ ಸರ್ವೊ ಸೇರಿ 1,300, ಬ್ಯಾಟರಿ ಚಾರ್ಜರ್ ಎರಡೂ ಸೇರಿ 1,800, ಫೋಮ್ ಅಂಟು ಎಲ್ಲ 600. ಮುರಿದ ಪ್ರೊಪೆಲ್ಲರ್‌ಗಳು ಹದಿನಾಲ್ಕೋ ಹದಿನೈದೋ. ದಂಡ ಕಟ್ಟಿದ್ದೆಲ್ಲ ಸೇರಿಸಿದರೂ 13,000 ದಾಟಿಲ್ಲ. ರೆಡಿಮೇಡ್ ಸೆಟ್ ತಂದ ಗೆಳೆಯನಿಗೆ 18,000 ಆಯಿತು, ಅವನದು ಮೂರನೇ ದಿನ ಮುರಿಯಿತು. ನನ್ನದು ಮುರಿದರೆ ಆ ಸಂಜೆಯೇ ಹೊಸ ಮೂತಿ ಕೊಯ್ಯುತ್ತೇನೆ.

ಡ್ರೋನ್‌ಗಳನ್ನು ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ವಲಯ ಅಂತ ನೋಡಿಕೊಂಡೇ ಹಾರಿಸುತ್ತೇನೆ, ಬೆಳಿಗ್ಗೆ ಏಳರಿಂದ ಎಂಟೂವರೆಯೊಳಗೆ ಮಾತ್ರ. ಈಗ ಏಲರಾನ್ ಇರುವ ಹೊಸ ರೆಕ್ಕೆ ಮೇಜಿನ ಮೇಲೆ ಒಣಗುತ್ತಿದೆ. ಆಷಾಢದ ಗಾಳಿ ಇಳಿಯಲಿ ಅಂತ ಕಾಯುತ್ತಿದ್ದೇನೆ.