ಅಪೀಲು ತೀರ್ಪನ್ನು ಬಾಲದಿಂದ ಓದಿ

ಶಿವಮೊಗ್ಗದಲ್ಲಿ ವಕೀಲರೊಬ್ಬರ ಹತ್ತಿರ ನಾನು ಗುಮಾಸ್ತ. ಫೈಲು ಕಟ್ಟುವುದು, ತಾರೀಖು ಬರೆದಿಡುವುದು, ನಕಲು ಅರ್ಜಿ ಹಾಕುವುದು, ಕಕ್ಷಿದಾರರಿಗೆ ಫೋನ್ ಮಾಡುವುದು ನನ್ನ ಕೆಲಸ. ಕಾನೂನು ಓದಿದವನಲ್ಲ. ಆದರೆ ತೀರ್ಪು ಬಂದಾಗ ಮೊದಲು ಬಿಡಿಸಿ ನೋಡುವವನು ನಾನೇ. ಹಾಗೆ ಬಿಡಿಸಿ ನೋಡಿ ಒಮ್ಮೆ ಮರ್ಯಾದೆ ಕಳೆದುಕೊಂಡಿದ್ದೇನೆ.

ಹೊಸನಗರ ಕಡೆಯ ಗೌಡರೊಬ್ಬರದ್ದು ಅಡಿಕೆ ತೋಟದ ಅಗಳದ, ಅಂದರೆ ತೋಟದ ಅಂಚಿಗೆ ತೋಡಿದ ಕಂದಕದ ಜಗಳ. ಅಗಳ ನಮ್ಮದು ಅಂತ ಇವರು, ನಮ್ಮದು ಅಂತ ಪಕ್ಕದ ತೋಟದವರು. ಕೆಳಗಿನ ಎರಡು ಕೋರ್ಟಲ್ಲೂ ಸೋತು ಗೌಡರು ಹೈಕೋರ್ಟಿಗೆ ಹೋಗಿದ್ದರು. ಒಂದು ಸಂಜೆ ತೀರ್ಪು ವೆಬ್‌ಸೈಟಿಗೆ ಬಂತು. ಮೊಬೈಲಲ್ಲೇ ತೆಗೆದು ಓದಿದೆ. ಆರನೇ ಪುಟದಲ್ಲಿ ಚೆನ್ನಾಗಿ ಬರೆದಿತ್ತು: ಸರ್ವೆ ನಕ್ಷೆಯನ್ನು ಕೆಳಗಿನ ಕೋರ್ಟು ಸರಿಯಾಗಿ ನೋಡಿಲ್ಲ, ಡಿಕ್ರಿ ನಿಲ್ಲುವುದಿಲ್ಲ. ತಡೆಯಲಾಗಲಿಲ್ಲ. ಫೋನ್ ಮಾಡಿ "ಗೌಡ್ರೇ, ಗೆದ್ವಿ" ಅಂದೆ. ಅವರ ಮನೆಯಲ್ಲಿ ರಾತ್ರಿ ಹೋಳಿಗೆ ಆಯಿತು.

ಮರುದಿನ ನಮ್ಮ ವಕೀಲರು ಅದೇ ತೀರ್ಪಿನ ಕೊನೆಯ ಪುಟ ತೆಗೆದು ನನ್ನ ಮುಂದಿಟ್ಟರು. ಅಪೀಲು ವಜಾ. ನಾನು ಓದಿದ್ದು ನಮ್ಮ ಕಡೆಯ ವಾದವನ್ನು! ನ್ಯಾಯಾಧೀಶರು ಅದನ್ನು ದಾಖಲಿಸಿದ್ದರು, ಅಷ್ಟೇ. ಗೌಡರು ಬೈಯಲಿಲ್ಲ. "ಹೋಳಿಗೆ ತಿಂದಾಯ್ತಲ್ಲ ಮಾರಾಯ್ರೇ" ಅಂದರು. ಬೈದಿದ್ದರೇ ವಾಸಿಯಿತ್ತು.

ಅಂದಿನಿಂದ ನಾನು ತೀರ್ಪನ್ನು ಬಾಲದಿಂದ ಓದುತ್ತೇನೆ. ನೀವೂ ಹಾಗೇ ಮಾಡಿ. ಪಿಡಿಎಫ್ ತೆರೆದ ಕೂಡಲೇ ಕೊನೆಗೆ ಹೋಗಿ. ದಪ್ಪ ಅಕ್ಷರದಲ್ಲಿ 'ಆರ್ಡರ್' ಅಂತ ಒಂದು ತಲೆಬರಹ ಇರುತ್ತದೆ. ಕೋರ್ಟು ನಿಜವಾಗಿ ಏನು ಮಾಡಿತು ಅನ್ನುವುದು ಅದರ ಕೆಳಗಿನ ನಾಲ್ಕೈದು ಸಾಲಲ್ಲಿದೆ. 'ಅಲೌಡ್' ಅಂದರೆ ಅಪೀಲು ಹಾಕಿದವರು ಗೆದ್ದರು. 'ಡಿಸ್ಮಿಸ್ಡ್' ಅಂದರೆ ವಜಾ. 'ಅಲೌಡ್ ಇನ್ ಪಾರ್ಟ್' ಇದ್ದರೆ ಯಾವ ಭಾಗ ಅಂತ ನೋಡಬೇಕು. 'ರಿಮ್ಯಾಂಡ್' ಅಂತ ಕಂಡರೆ ಪಟಾಕಿ ಹೊಡೆಯಬೇಡಿ, ಕೇಸು ಕೆಳಗಿನ ಕೋರ್ಟಿಗೆ ವಾಪಸ್ ಹೋಗುತ್ತಿದೆ, ಮತ್ತೆ ತಾರೀಖು ಶುರು. ಇನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ 'ಡಿಸ್ಪೋಸ್ಡ್' ಅಂತ ಬಂದರೆ ಕೇಸು ಮುಗಿದಿದೆ ಅಂತ ಮಾತ್ರ ಅರ್ಥ. ಯಾರು ಗೆದ್ದರು ಅಂತ ಅದರಿಂದ ಗೊತ್ತಾಗುವುದಿಲ್ಲ.

ಬಾಲ ನೋಡಿದ ಮೇಲೆ ತಲೆಗೆ ಬನ್ನಿ. ಮೊದಲ ಪುಟದಲ್ಲಿ ಕೇಸಿನ ನಂಬರಿನ ಹಿಂದೆ ಎರಡು ಮೂರು ಅಕ್ಷರ ಇರುತ್ತವೆ. ಆರ್‌ಎ ಅಂದರೆ ಜಿಲ್ಲೆಯೊಳಗೇ ಹಾಕಿದ ಮೊದಲ ಅಪೀಲು. ಆರ್‌ಎಫ್‌ಎ ಅಂದರೆ ಹೈಕೋರ್ಟಿಗೆ ನೇರವಾಗಿ ಹೋದ ಮೊದಲ ಅಪೀಲು. ಆರ್‌ಎಸ್‌ಎ ಅಂದರೆ ಎರಡನೇ ಅಪೀಲು. ಘಾಟಿಯಲ್ಲಿ ಬಸ್ಸು ಗುದ್ದಿದ ಪರಿಹಾರದ ಕೇಸುಗಳು ಎಂಎಫ್‌ಎ ಆಗಿ ಬರುತ್ತವೆ. ಈ ಅಕ್ಷರಗಳನ್ನು ಜನ ನೋಡುವುದೇ ಇಲ್ಲ. ಆದರೆ ಅರ್ಧ ಕಥೆ ಅಲ್ಲೇ ಇದೆ.

ಯಾಕೆ ಅಂದರೆ ಮೊದಲ ಅಪೀಲಿನಲ್ಲಿ ಕೋರ್ಟು ಸಾಕ್ಷಿಯನ್ನೂ ನೋಡಬಹುದು, ಕಾನೂನನ್ನೂ ನೋಡಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 96ನೇ ಕಲಂ ಅದು. ಎರಡನೇ ಅಪೀಲು 100ನೇ ಕಲಂನದ್ದು. ಅಲ್ಲಿ ಗಟ್ಟಿಯಾದ ಒಂದು ಕಾನೂನು ಪ್ರಶ್ನೆ ಇದ್ದರೆ ಮಾತ್ರ ಬಾಗಿಲು. ಅಗಳ ಯಾರ ಸರ್ವೆ ನಂಬರಿನೊಳಗೆ ಬಿದ್ದಿದೆ ಅನ್ನುವುದು ವಾಸ್ತವದ ಪ್ರಶ್ನೆ. ಎರಡು ಕೋರ್ಟು ಒಂದೇ ಮಾತು ಹೇಳಿದ ಮೇಲೆ ಹೈಕೋರ್ಟು ಸಾಮಾನ್ಯವಾಗಿ ಮತ್ತೆ ಸರಪಳಿ ಹಿಡಿದು ಅಳೆಯಲು ಕೂರುವುದಿಲ್ಲ. ಗೌಡರ ಕೇಸಿನ ಮೊದಲ ಪುಟದಲ್ಲೇ ಆರ್‌ಎಸ್‌ಎ ಅಂತ ಇತ್ತು. ಅದನ್ನು ನೋಡಿದ್ದರೆ ನನ್ನ ಬಾಯಿ ಅಷ್ಟು ಬೇಗ ತೆರೆಯುತ್ತಿರಲಿಲ್ಲ.

ನಡುವಿನ ಪುಟಗಳಲ್ಲಿ ಯಾರ ಮಾತು ನಡೆಯುತ್ತಿದೆ ಅಂತ ಗಮನಿಸಿ. 'ಲರ್ನೆಡ್ ಕೌನ್ಸೆಲ್' ಅಂತ ಶುರುವಾದರೆ ಅದು ವಕೀಲರ ವಾದ. 'ಹ್ಯಾವಿಂಗ್ ಹರ್ಡ್' ಅಂತ ಬಂದ ಮೇಲೆ ಕೋರ್ಟಿನ ಸ್ವಂತ ಮಾತು ಶುರುವಾಗುತ್ತದೆ. ಜಿಲ್ಲಾ ಮಟ್ಟದ ತೀರ್ಪಿನಲ್ಲಿ ಇದು ಇನ್ನೂ ಸುಲಭ. ಪಾಯಿಂಟ್ ನಂಬರ್ 1, 2, 3 ಅಂತ ಪ್ರಶ್ನೆ ಬರೆದು, ಅದರ ಕೆಳಗೆ 'ಇನ್ ದಿ ಅಫರ್ಮೇಟಿವ್' (ಹೌದು), 'ಇನ್ ದಿ ನೆಗೆಟಿವ್' (ಇಲ್ಲ) ಅಂತ ಉತ್ತರ ಕೊಟ್ಟಿರುತ್ತಾರೆ. ಪರೀಕ್ಷೆಯ ಉತ್ತರ ಪತ್ರಿಕೆ ಇದ್ದ ಹಾಗೆ.

ಇನ್ನೊಂದು ಬಲೆ ಇದೆ. 'ಪಕ್ಷಗಾರರನ್ನು ವಿಚಾರಣಾ ಕೋರ್ಟಿನಲ್ಲಿದ್ದ ಸ್ಥಾನದಂತೆಯೇ ಕರೆಯಲಾಗುವುದು' ಅನ್ನುವ ಅರ್ಥದ ಒಂದು ಸಾಲು ನಮ್ಮ ಹೈಕೋರ್ಟಿನ ಬಹಳ ತೀರ್ಪುಗಳಲ್ಲಿ ಬರುತ್ತದೆ. ಹೈಕೋರ್ಟಿನಲ್ಲಿ ಅಪೀಲುದಾರ ಆದವನು ಒಳಗಿನ ಪುಟಗಳಲ್ಲಿ ಪ್ರತಿವಾದಿ ಆಗಿಯೇ ಉಳಿದಿರಬಹುದು. ನಾನು ಮೊದಲ ಪುಟದಲ್ಲಿ ಪೆನ್ಸಿಲಲ್ಲಿ 'ನಮ್ಮವರು', 'ಎದುರಿನವರು' ಅಂತ ಬರೆದುಕೊಂಡೇ ಮುಂದೆ ಹೋಗುತ್ತೇನೆ.

ಕ್ರಿಮಿನಲ್ ಅಪೀಲು ಬೇರೆ ಜಾತಿ. ಖುಲಾಸೆ ಆದವನ ಮೇಲೆ ಸರ್ಕಾರ ಅಪೀಲು ಹಾಕಿದರೆ, ಅವನ ಬೆನ್ನಿಗೆ ಎರಡು ಬಲ ಇರುತ್ತದೆ. ತಪ್ಪು ಸಾಬೀತಾಗುವವರೆಗೆ ನಿರಪರಾಧಿ ಅನ್ನುವುದು ಒಂದು. ಒಂದು ಕೋರ್ಟು ಆಗಲೇ ಬಿಟ್ಟಿದೆ ಅನ್ನುವುದು ಇನ್ನೊಂದು. ಸಾಕ್ಷಿಯನ್ನು ಎರಡು ರೀತಿ ನೋಡಬಹುದು ಅಂತಾದರೆ ಖುಲಾಸೆಯನ್ನು ಮುಟ್ಟಬಾರದು. ಇದನ್ನು ಸುಪ್ರೀಂ ಕೋರ್ಟ್ ವಿವರವಾಗಿ ಹೇಳಿದ್ದು 2007ರಲ್ಲಿ, ಚಂದ್ರಪ್ಪ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ. 2024ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯದ್ದೇ ಒಂದು ಕೊಲೆ ಪ್ರಕರಣದಲ್ಲಿ ಮತ್ತೆ ಅದೇ ಮಾತು ಬಂತು. ವಿಚಾರಣಾ ಕೋರ್ಟು ಬಿಟ್ಟಿತ್ತು, ಹೈಕೋರ್ಟು ಶಿಕ್ಷೆ ಕೊಟ್ಟಿತ್ತು, ಸುಪ್ರೀಂ ಕೋರ್ಟ್ ಮತ್ತೆ ಬಿಟ್ಟಿತು. ಹಾಗಾಗಿ ಇಂಥ ತೀರ್ಪು ಓದುವಾಗ 'ಅವನು ಮಾಡಿದ್ದಾನಾ ಇಲ್ವಾ' ಅಂತ ಹುಡುಕಬೇಡಿ. 'ಕೆಳಗಿನ ಕೋರ್ಟಿನ ನೋಟ ಅಸಾಧ್ಯದ್ದಾ' ಅಂತ ಹುಡುಕಿ.

ಪೇಪರಿನಲ್ಲಿ 'ಶಿಕ್ಷೆ ಅಮಾನತು' ಅಂತ ಬಂದರೆ ಅದು ಖುಲಾಸೆ ಅಲ್ಲ. ಅಪೀಲು ಮುಗಿಯುವವರೆಗೆ ಶಿಕ್ಷೆ ಜಾರಿ ನಿಲ್ಲುತ್ತದೆ, ಅಷ್ಟೇ. 2024ರ ಜುಲೈ 1ರಿಂದ ಕಲಂಗಳ ನಂಬರೂ ಬದಲಾಗಿವೆ. ಶಿಕ್ಷೆಯ ವಿರುದ್ಧದ ಅಪೀಲು ಹಳೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) 374, ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ (ಬಿಎನ್‌ಎಸ್‌ಎಸ್) 415. ಖುಲಾಸೆಯದ್ದು 378 ಇದ್ದದ್ದು 419.

ನಮ್ಮ ಕಡೆ ಜಾಸ್ತಿ ಇರುವುದು ಚೆಕ್ ಬೌನ್ಸ್ ಕೇಸು. ಅಡಿಕೆ ಮಾರಿದ ದುಡ್ಡಿಗೆ ಚೆಕ್ಕು, ಕೈಸಾಲಕ್ಕೆ ಚೆಕ್ಕು. ಇದರಲ್ಲಿ ಹೊಸ ತೀರ್ಪೊಂದು ಮಲೆನಾಡಿನವರಿಗೆ ನಿಜಕ್ಕೂ ಉಪಕಾರ ಮಾಡಿದೆ. ಮೊದಲೆಲ್ಲ ಮ್ಯಾಜಿಸ್ಟ್ರೇಟರು ಆರೋಪಿಯನ್ನು ಬಿಟ್ಟರೆ, ದುಡ್ಡು ಕಳೆದುಕೊಂಡ ದೂರುದಾರ ವಿಶೇಷ ಅನುಮತಿ ಕೇಳಿಕೊಂಡು ಬೆಂಗಳೂರಿನ ಹೈಕೋರ್ಟಿಗೇ ಹೋಗಬೇಕಿತ್ತು. 2025ರ ಏಪ್ರಿಲ್‌ನಲ್ಲಿ ಸೆಲೆಸ್ಟಿಯಂ ಫೈನಾನ್ಶಿಯಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಚೆಕ್ ಕೇಸಿನ ದೂರುದಾರನೂ ಸಂತ್ರಸ್ತನೇ, ಆ ಹಕ್ಕಿನಲ್ಲಿ ವಿಶೇಷ ಅನುಮತಿ ಇಲ್ಲದೆ ಅಪೀಲು ಹಾಕಬಹುದು. ಅಂದರೆ ಸೆಷನ್ಸ್ ಕೋರ್ಟು ಸಾಕು. ರಾತ್ರಿ ಬಸ್ಸು, ಲಾಡ್ಜಿನ ಖರ್ಚು ಉಳಿಯಿತು ಅಲ್ವಾ? ಶಿಕ್ಷೆ ಆದವರಿಗೂ ಒಂದು ಮಾತು ಇದೆ. ಅವರು ಅಪೀಲು ಹಾಕಿದಾಗ ದಂಡ ಅಥವಾ ಪರಿಹಾರದ ಕನಿಷ್ಠ 20 ಶೇಕಡಾ ಕಟ್ಟಿಸಲು ಕಾನೂನು ಇದೆ. ಆದರೆ ತೀರಾ ಅಪರೂಪದ ಸಂದರ್ಭದಲ್ಲಿ ಕೋರ್ಟು ಅದನ್ನು ಬಿಡಬಹುದು ಅಂತ 2023ರ ಸೆಪ್ಟೆಂಬರ್‌ನಲ್ಲಿ ತೀರ್ಪಾಗಿದೆ.

ಈಗ ವಾಟ್ಸಾಪ್ ತೀರ್ಪುಗಳ ವಿಷಯ. 'ಹೆಣ್ಣುಮಕ್ಕಳಿಗೆ ಪಾಲು ಖಾತ್ರಿ' ಅನ್ನುವ ಮೆಸೇಜು ಹಿಡಿದುಕೊಂಡು ಸಾಗರ ಕಡೆಯ ಒಬ್ಬ ಅಕ್ಕ ನಮ್ಮ ಆಫೀಸಿಗೆ ಬಂದಿದ್ದರು. ಮೆಸೇಜು ಸುಳ್ಳಲ್ಲ. 2020ರ ಆಗಸ್ಟ್ 11ರ ಸುಪ್ರೀಂ ಕೋರ್ಟಿನ ವಿನೀತಾ ಶರ್ಮಾ ತೀರ್ಪು ಅದು. ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, ಹಿಂದೂ ಉತ್ತರಾಧಿಕಾರ ಕಾನೂನಿನ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ಅಪ್ಪ ಬದುಕಿರಲೇಬೇಕು ಅಂತಿಲ್ಲ ಅಂತ ಅದರಲ್ಲಿದೆ. ನಾನು ಕೇಳಿದ್ದು ಮೂರೇ ಮಾತು. "ಅಕ್ಕಾ, ಆಸ್ತಿ ಪಿತ್ರಾರ್ಜಿತವಾ, ಅಪ್ಪಯ್ಯ ಸ್ವಂತ ದುಡಿದು ತಗೊಂಡಿದ್ದಾ? ಪಾಲು ಆಗಿದೆಯಾ? ಆಗಿದ್ದರೆ ರಿಜಿಸ್ಟರ್ ಆಗಿದೆಯಾ?" ಯಾಕೆ ಅಂದರೆ 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಆದ ಪಾಲನ್ನು ಕಾನೂನು ಮುಟ್ಟುವುದಿಲ್ಲ. ಬರೀ ಬಾಯಿಮಾತಿನ ಪಾಲು ಅಂದರೆ ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ. ಅಕ್ಕನ ಅಣ್ಣಂದಿರು ಪಂಚರ ಮುಂದೆ ಪಾಲಾಗಿದೆ ಅಂತ ಹೇಳುತ್ತಿದ್ದರು, ಕಾಗದ ಏನೂ ಇರಲಿಲ್ಲ. ಅಲ್ಲಿಗೆ ಆ ತೀರ್ಪು ಇವರ ಮನೆಗೂ ಹೊಂದುವ ಹಾಗೆ ಕಂಡಿತು. ಇನ್ನೊಬ್ಬರ ಮನೆಯ ಕಥೆ ನಿಮ್ಮ ಮನೆಗೆ ಹೊಂದುತ್ತದಾ ಅಂತ ನೋಡದೆ ತೀರ್ಪನ್ನು ಹೊತ್ತು ತಿರುಗಿ ಏನೂ ಪ್ರಯೋಜನವಿಲ್ಲ.

ಮೆಸೇಜು ನಿಜವೋ ಅಂತ ನೋಡಲು ನಂಬರ್ ಕೇಳಿ. 2023ರಿಂದ ಸುಪ್ರೀಂ ಕೋರ್ಟಿನ ತೀರ್ಪುಗಳಿಗೆ ವರ್ಷ, ಐಎನ್‌ಎಸ್‌ಸಿ, ಆಮೇಲೆ ಒಂದು ಸಂಖ್ಯೆ ಇರುತ್ತದೆ. ನಾನು ಹೇಳಿದ ಏಪ್ರಿಲ್‌ನ ಕೊಲೆ ಪ್ರಕರಣ 2024 ಐಎನ್‌ಎಸ್‌ಸಿ 320. ನಮ್ಮ ಹೈಕೋರ್ಟಿನದ್ದು ಕೆಎಚ್‌ಸಿ. ಧಾರವಾಡ ಪೀಠದ್ದಾದರೆ ಕೆಎಚ್‌ಸಿ-ಡಿ. ಸಾಗರದವರು ಬೆಂಗಳೂರಿಗೆ, ಪಕ್ಕದ ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರದವರು ಧಾರವಾಡಕ್ಕೆ, ಹೀಗೆ ಒಂದೇ ಹೈಕೋರ್ಟು, ಬೇರೆ ದಾರಿ. ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳು ಕನ್ನಡದಲ್ಲೂ ಸಿಗುತ್ತವೆ. ಓದಿಕೊಳ್ಳಲು ಒಳ್ಳೆಯದು, ಆದರೆ ಲೆಕ್ಕಕ್ಕೆ ಬರುವುದು ಇಂಗ್ಲಿಷಿನದ್ದೇ. 'ಸುಪ್ರೀಂ ಕೋರ್ಟೂ ಒಪ್ಪಿದೆ' ಅಂತ ಯಾರಾದರೂ ಹೇಳಿದರೆ ಪ್ರತಿ ಕೇಳಿ. ಒಂದೇ ಸಾಲಿನಲ್ಲಿ, ಕಾರಣ ಕೊಡದೆ ವಿಶೇಷ ಅನುಮತಿ ಅರ್ಜಿ ವಜಾ ಆಗಿದ್ದರೆ, ಹೈಕೋರ್ಟಿನ ಕಾರಣಗಳನ್ನೆಲ್ಲ ಸುಪ್ರೀಂ ಕೋರ್ಟ್ ಒಪ್ಪಿತು ಅಂತ ಅರ್ಥ ಆಗುವುದಿಲ್ಲ.

ಕೊನೆಗೆ ವಾಯಿದೆ, ಅಂದರೆ ಅಪೀಲು ಹಾಕುವ ಗಡುವು. ಸಿವಿಲ್ ಕೇಸಿನಲ್ಲಿ ಜಿಲ್ಲೆಯೊಳಗಿನ ಅಪೀಲಿಗೆ 30 ದಿನ, ಹೈಕೋರ್ಟಿಗೆ 90 ದಿನ. ತಡವಾದರೆ ಕಾರಣ ಹೇಳಿ ಅರ್ಜಿ ಹಾಕಬಹುದು, ಆದರೆ ಕಾರಣ ಗಟ್ಟಿ ಇರಬೇಕು. 2025ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಗೃಹ ಮಂಡಳಿಯ 3966 ದಿನಗಳ ತಡವನ್ನು ಹೈಕೋರ್ಟು ಮನ್ನಿಸಿದ್ದನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಹನ್ನೊಂದು ವರ್ಷ ಆಗಲು ಸ್ವಲ್ಪವೇ ಕಮ್ಮಿ! ಸರ್ಕಾರದ ಮಂಡಳಿಗೇ ಹೀಗಾದರೆ ನಮ್ಮ ನಿಮ್ಮ ಮಾತೇನು.

ದೃಢೀಕೃತ ನಕಲಿನ ಮೇಲೆ ಒಂದು ಸೀಲು ಒತ್ತಿರುತ್ತಾರೆ, ಹೆಚ್ಚಾಗಿ ಕೊನೆಯ ಹಾಳೆಯ ಬೆನ್ನಿಗೆ. ಅರ್ಜಿ ಕೊಟ್ಟ ದಿನ, ನಕಲು ತಯಾರಾದ ದಿನ, ಕೈಗೆ ಕೊಟ್ಟ ದಿನ ಅಂತ ಅದರೊಳಗೆ ಪೆನ್ನಿನಲ್ಲಿ ತುಂಬಿರುತ್ತಾರೆ. ಆ ಹಾಳೆ ಹರಿಯದಂತೆ ನೋಡಿಕೊಳ್ಳಿ. ನಕಲಿಗೆ ಹಿಡಿದ ಸಮಯವನ್ನು ವಾಯಿದೆಯಿಂದ ಕಳೆಯುತ್ತಾರೆ. ತೀರ್ಪು ಜೂನ್ 2ಕ್ಕೆ ಆಗಿ, 5ಕ್ಕೆ ಅರ್ಜಿ ಹಾಕಿ, 20ಕ್ಕೆ ನಕಲು ತಯಾರಾಯಿತು ಅನ್ನಿ. 16 ದಿನ ಸೇರಿಸಿಕೊಂಡರೆ 30 ದಿನದ ವಾಯಿದೆ ಜುಲೈ 18ಕ್ಕೆ ಮುಗಿಯುತ್ತದೆ. ಜುಲೈ ಅಂದರೆ ನಮ್ಮಲ್ಲಿ ಜಡಿಮಳೆ. ಕರೆಂಟು ಇರುವುದಿಲ್ಲ, ಫೋನು ಸಿಗುವುದಿಲ್ಲ, ರಸ್ತೆಗೆ ಮರ ಬಿದ್ದು ಬಸ್ಸು ನಿಂತಿರುತ್ತದೆ. ಅದಕ್ಕೇ ನಾನು ಡೈರಿಯಲ್ಲಿ ಜುಲೈ 10 ಅಂತ ಬರೆಯುತ್ತೇನೆ. ಕಕ್ಷಿದಾರರಿಗೆ ಜುಲೈ 1 ಅಂತ ಹೇಳುತ್ತೇನೆ.